ಜಾರಿಸಿದ ಅರ್ಧ ಸೆಕೆಂಡು

ಹೋದ ತಿಂಗಳು ದಾವಣಗೆರೆಯ ನಮ್ಮ ಮನೆಯಲ್ಲಿ ಫ್ರಿಜ್ಜಿನ ಹಿಂದೆ ನೀರು ಸೋರಿತ್ತು. ಹೀರಿಕೊಳ್ಳಲಿ ಎಂದು ಒಂದು ಗೋಣಿಚೀಲ ತುರುಕಿ ಕೆಲಸಕ್ಕೆ ಹೋದವಳು ಅದನ್ನು ಮರೆತೇಬಿಟ್ಟಿದ್ದೆ. ಸಂಜೆ ಬಂದು ಬಾಗಿಲು ತೆಗೆದರೆ ಅಡುಗೆಮನೆ ತುಂಬ ಒದ್ದೆ ಗೋಣಿ ಬೆಚ್ಚಗಾಗಿ ಒಣಗುವ ವಾಸನೆ. ಬೇರೆಯವರಾದರೆ ಮೂಗು ಮುಚ್ಚಿಕೊಂಡು ಕಿಟಕಿ ತೆಗೆಯುತ್ತಿದ್ದರು. ನನಗೆ ಅದು ಮೇಗರವಳ್ಳಿ. ಹೆಗಲ ಚೀಲ ಇಳಿಸದೆ ಅಲ್ಲೇ ನೆಲದ ಮೇಲೆ ಕೂತೆ. ಈಗಲಾದರೂ ಅಳು ಬರುತ್ತದೇನೋ ಎಂದು ಕಾದೆ. ಬರಲಿಲ್ಲ. ಹೊಟ್ಟೆ ಹಸಿದಿತ್ತು, ಎದ್ದು ಅವಲಕ್ಕಿ ಕಲಸಿಕೊಂಡು ತಿಂದೆ.

ನಾಲ್ಕು ವರ್ಷದ ಹಿಂದಿನ ಮಾತು. ದೀಪಾವಳಿ ಕಳೆದ ವಾರ ಆಫೀಸಿನವರು ನನ್ನನ್ನು ಸಾಗರಕ್ಕೆ ಹಾಕಿದರು. ಹಾಕಿದರು ಅನ್ನುವುದು ಸುಳ್ಳು, ನಾನೇ ಕೇಳಿ ಹಾಕಿಸಿಕೊಂಡೆ. ಅದಕ್ಕೂ ಹಿಂದಿನ ಮಾಘದಲ್ಲಿ ನನ್ನ ತಮ್ಮ ಬೈಕಿನಿಂದ ಬಿದ್ದು ತೀರಿಕೊಂಡಿದ್ದ. ಮನೆಗೆ ಬಂದವರೆಲ್ಲ ಧೈರ್ಯ ತಗೋ ಎನ್ನುತ್ತಿದ್ದರು. ಧೈರ್ಯಕ್ಕೇನೂ ಕೊರತೆ ಇರಲಿಲ್ಲ, ನನಗೆ ಏನೂ ಅನಿಸುತ್ತಲೇ ಇರಲಿಲ್ಲ. ಬಹಳ ಹೊತ್ತು ಚಕ್ಕಳಮಕ್ಕಳ ಹಾಕಿ ಕೂತರೆ ಕಾಲು ಜೋಮು ಹಿಡಿದು, ಚಿವುಟಿದರೂ ಬೇರೆ ಯಾರದೋ ಕಾಲು ಅನ್ನಿಸುತ್ತದಲ್ಲ, ಇಡೀ ಮೈ ಹಾಗಾಗಿತ್ತು. ದಿನಾ ಅಮ್ಮನ ಮುಖ ನೋಡುವುದು ತಪ್ಪಿದರೆ ಸಾಕಾಗಿತ್ತು.

ನಮ್ಮ ಸಂಸ್ಥೆಯದು ನೆಲ ನಡುಗುವುದನ್ನು ಅಳೆಯುವ ಕೆಲಸ. ಲಿಂಗನಮಕ್ಕಿ ಡ್ಯಾಮಿನಷ್ಟು ನೀರು ಒಂದು ಕಡೆ ನಿಂತಿದೆ ಎಂದ ಮೇಲೆ, ಸುತ್ತಲಿನ ನೆಲ ಎಲ್ಲಾದರೂ ಸಣ್ಣಗೆ ಮಿಸುಕಾಡಿತೇ ಎಂದು ಕಿವಿಗೊಟ್ಟು ಕೂರಲು ಯಾರಾದರೂ ಬೇಕು. ಮೂರು ಕಡೆ ನಮ್ಮ ಪೆಟ್ಟಿಗೆಗಳಿದ್ದವು. ಒಂದು ಸಾಗರದಲ್ಲಿ ನಾನಿದ್ದ ಬಾಡಿಗೆ ಕೋಣೆಯ ಹಿಂದೆ, ಇನ್ನೊಂದು ಹೊಸನಗರದ ಹೊರಗೆ, ಮೂರನೆಯದು ತೀರ್ಥಹಳ್ಳಿ ದಾಟಿ ಮೇಗರವಳ್ಳಿಯ ಕಾಡಂಚಿನಲ್ಲಿ. ವಾರಕ್ಕೊಮ್ಮೆ ಸ್ಕೂಟರ್ ಹತ್ತಿ ಮೂರನ್ನೂ ನೋಡಿ ಬರುವುದು ನನ್ನ ಕೆಲಸ. ಮಾತಾಡಬೇಕಾದ ಜನರಿಲ್ಲದ ಕೆಲಸ, ಹಾಗಾಗಿ ಹಿಡಿಸಿತು.

ನೆಲದೊಳಗೆ ಅಲೆ ಸೆಕೆಂಡಿಗೆ ಆರು ಕಿಲೋಮೀಟರ್ ಆಸುಪಾಸು ಓಡುತ್ತದೆ. ಮೂರು ಕಡೆ ಯಾವ ಗಳಿಗೆಗೆ ಬಂದು ತಾಗಿತು ಎಂದು ತಿಳಿದರೆ ಎಲ್ಲಿಂದ ಹೊರಟಿತು ಎಂದು ಲೆಕ್ಕ ಹಾಕಬಹುದು. ಅರ್ಧ ಸೆಕೆಂಡು ತಪ್ಪಿದರೆ ಮೂರು ಕಿಲೋಮೀಟರ್ ತಪ್ಪು. ಅದಕ್ಕೇ ನನ್ನದು ಹೆಸರಿಗೆ ಭೂಕಂಪದ ನೌಕರಿ, ನಿಜಕ್ಕೂ ಗಡಿಯಾರದ ಚಾಕರಿ. ಪೆಟ್ಟಿಗೆಯೊಳಗೆ ಒಂದು ಚೂರು ಸ್ಫಟಿಕ ಇರುತ್ತದೆ. ಹೊರಗಿನ ಚಳಿ ಸೆಕೆ ತಾಗದಂತೆ ಅದರ ಸುತ್ತ ಪುಟ್ಟ ಒಲೆಯಂಥದ್ದು, ಸದಾ ಬೆಚ್ಚಗೆ. ಸ್ಫಟಿಕ ಒಂದೇ ಸಮ ಮಿಡಿಯುತ್ತದೆ, ಆದರೆ ಈಗ ಗಂಟೆ ಎಷ್ಟು ಎಂದು ಅದಕ್ಕೆ ಗೊತ್ತಿಲ್ಲ. ಗಂಟೆ ಹೇಳುವುದು ಮೇಲಿನ ಉಪಗ್ರಹ. ಅದು ಹೇಳುವುದು ಸತ್ಯವೇ, ಆದರೆ ಒಂದೊಂದು ಸೆಕೆಂಡಿನ ಸುದ್ದಿಯೂ ಕೂದಲೆಳೆಯಷ್ಟು ಹಿಂದೆ ಮುಂದೆ ಆಗುತ್ತ ಬರುತ್ತದೆ, ಮೇಗರವಳ್ಳಿಯ ಎಲೆಗಳ ಸಂದಿಯಲ್ಲಿ ಇಳಿಯುವಾಗ ಇನ್ನೂ ಹೆಚ್ಚು. ಉಪಗ್ರಹದ ಮಾತಿಗೆ ಸ್ಫಟಿಕವನ್ನು ಬಿಗಿಯಾಗಿ ಕಟ್ಟಿದರೆ ಗಂಟೆ ಸರಿ ಇರುತ್ತದೆ, ಮಿಡಿತ ಕೆಡುತ್ತದೆ. ಸಡಿಲ ಬಿಟ್ಟರೆ ಮಿಡಿತ ಚೆಂದ, ಗಂಟೆ ಜಾರುತ್ತದೆ. ಎರಡೂ ಒಟ್ಟಿಗೆ ಬೇಕು ಎಂದು ಹಟ ಹಿಡಿದರೆ ಆ ಪೆಟ್ಟಿಗೆ ಕೇಳುವುದಿಲ್ಲ.

ಮೇಗರವಳ್ಳಿಯ ಪೆಟ್ಟಿಗೆ ಹಳೆಯದು. ಅದರ ಒಲೆ ಸರಿಯಾಗಿ ಕಾಯುತ್ತಿರಲಿಲ್ಲ. ಹೊಸದು ಕೊಡಿ ಎಂದು ಎರಡು ಸಲ ಬರೆದೆ, ಉತ್ತರ ಬರಲಿಲ್ಲ. ಕೊನೆಗೆ ನಾನೇ ಗೋಣಿಚೀಲಗಳನ್ನು ಹೊದಿಸಿ ಬಂದೆ. ಕಾಡಿನ ಥಂಡಿಗೆ ಚೀಲ ಒದ್ದೆ, ಒಳಗಿನ ಬಿಸಿಗೆ ಮತ್ತೆ ಒಣಗುವುದು. ಪೆಟ್ಟಿಗೆ ಇಳಿಸಿದ್ದ ಗುಂಡಿಯ ಮುಚ್ಚಳ ತೆಗೆದ ಕೂಡಲೇ ಆ ವಾಸನೆ ಮುಖಕ್ಕೆ ಹೊಡೆಯುತ್ತಿತ್ತು.

ಪುಷ್ಯ ಮಾಸದಲ್ಲಿ ಒಂದು ದಿನ ಹೊಸನಗರದ ಕಡೆಯಿಂದ ಫೋನ್ ಬಂತು. ನೆಲ ಅದುರಿದರೆ ತಿಳಿಸಿ ಎಂದು ನಾನು ಪಂಚಾಯ್ತಿಗಳಲ್ಲಿ ಚೀಟಿ ಅಂಟಿಸಿದ್ದೆ. ಅದನ್ನು ನೋಡಿ ನಿಜವಾಗಿ ಫೋನ್ ಮಾಡಿದವರು ಒಬ್ಬರೇ.

"ಮೇಡಂ, ನಮ್ಮಲ್ಲಿ ಗುಡುಂ ಅಂತದೆ. ಗಿರಣಿ ಗೋಡೆ ಬಿರುಕು ಬಿಟ್ಟಿದೆ. ನೀವು ಬಂದು ನೋಡ್ಬೇಕು."

ಹುಂಚಕ್ಕೆ ಹೋಗುವ ದಾರಿಯಿಂದ ಒಳಗೆ ತಿರುಗಿದರೆ ನೇರಲಹಕ್ಲು. ಅಲ್ಲಿ ರತ್ನಮ್ಮ, ಅವರ ಗಂಡ ಧರಣೇಂದ್ರಪ್ಪ. ಜೈನರು, ತಲೆತಲಾಂತರದಿಂದ ಅಲ್ಲಿಯವರೇ. ಇಬ್ಬರೂ ಸೇರಿ ಅಕ್ಕಿ ಮಾಡುವ, ಹಿಟ್ಟು ಬೀಸುವ ಗಿರಣಿ ನಡೆಸುತ್ತಿದ್ದರು. ಅದರ ಹಿಂದಿನ ಗೋಡೆ ಜಂಬಿಟ್ಟಿಗೆ ಕಲ್ಲಿನದು, ಮೂಲೆಯಿಂದ ಮೂಲೆಗೆ ಕೈಬೆರಳು ಹೋಗುವಷ್ಟು ಬಿರುಕು. ಒಂದು ಕಿಲೋಮೀಟರ್ ಬಡಗಲಿಗೆ ಕಲ್ಲಿನ ಕ್ವಾರಿ. ಅದರವರು ಹೇಳುವುದು, ನಾವು ಸಣ್ಣ ಮದ್ದು ಇಡುವುದು, ನಿಮಗೆ ಕೇಳುವುದು ಭೂಮಿಯೊಳಗಿನ ಸದ್ದು, ಡ್ಯಾಮಿನ ನೀರಿನದು ಎಂದು.

"ಎಂತ ಮಾರಾಯ್ತಿ, ಇಷ್ಟು ದೂರ ಒಬ್ಳೇ ಸ್ಕೂಟರ್ ಹೊಡ್ಕೊಂಡ್ ಬಂದ್ಯಾ?" ಎಂದರು ರತ್ನಮ್ಮ. ಫೋನಿನಲ್ಲಿ ಅವರು ಕರೆದಿದ್ದ ಮೇಡಂ ನನ್ನ ಮುಖ ಕಂಡ ಕೂಡಲೇ ಮಾಯ. "ನನ್ನನ್ನ ಅಕ್ಕ ಅನ್ನು, ಸಾಕು. ಹೊತ್ತು ಮುಳುಗೋಕೆ ಮುಂಚೆ ನಮ್ಮನೆ ಊಟ, ಈಗ್ಲೇ ಬಡಿಸ್ತೀನಿ."

ಊಟದ ಮಧ್ಯೆ ಗಿರಣಿಯ ಗೋಡೆ ಗಡಿಯಾರ ನೋಡಿ ಗಾಬರಿಯಾಗಿ ಎದ್ದೆ. ಧರಣೇಂದ್ರಪ್ಪ ನಕ್ಕರು. "ಕೂತ್ಕೊಳಿ, ಕೂತ್ಕೊಳಿ. ಅದು ಹನ್ನೆರಡು ನಿಮಿಷ ಮುಂದಿದೆ."

"ಇವ್ರಿಗೆ ಬೆಳಿಗ್ಗೆ ಬಸ್ಸು ತಪ್ತಿತ್ತಲ್ಲ, ಅದಕ್ಕೆ ಮದುವೆಯಾದ ವರ್ಷ ನಾನು ಮುಂದಿಟ್ಟಿದ್ದು" ಎಂದರು ರತ್ನಕ್ಕ. "ಈಗ ಇವ್ರು ಹನ್ನೆರಡು ನಿಮಿಷ ತಡವಾಗಿ ಹೊರಡೋದು ಕಲ್ತಿದಾರೆ. ಬ್ಯಾಟರಿ ಹಾಕಿದ್ರೂ ಮತ್ತೆ ಹನ್ನೆರಡೇ ಇಡ್ತೀನಿ, ಬಿಡೂದಿಲ್ಲ."

ಅಂಥ ಮನೆ ಆ ಸೀಮೆಯಲ್ಲಿ ಒಂದೇ ಅಲ್ಲ. ಬಸ್ಸಿನ ದಾರಿಯ ಮನೆಗಳಲ್ಲಿ ಐದು, ಹತ್ತು, ಹನ್ನೆರಡು ನಿಮಿಷ ಮುಂದಿಟ್ಟ ಗಡಿಯಾರಗಳನ್ನು ಬೇಕಾದಷ್ಟು ನೋಡಿದ್ದೇನೆ. ಎಷ್ಟು ಮುಂದಿದೆ ಎಂದು ಮನೆಯವರಿಗೆಲ್ಲ ಗೊತ್ತು, ಆದರೂ ಅದನ್ನು ನೋಡಿಯೇ ಓಡುತ್ತಾರೆ.

ರತ್ನಕ್ಕ ಮಗಳ ಹಳೆಯ ಹೈಸ್ಕೂಲ್ ನೋಟ್‌ಬುಕ್ ತಂದು ತೋರಿಸಿದರು. ಮಗಳು ಸುಮತಿ ತೀರ್ಥಹಳ್ಳಿಯಲ್ಲಿ ಟೀಚರು. ನೋಟ್‌ಬುಕ್ಕಿನಲ್ಲಿ ತಾರೀಖು, ಕ್ವಾರಿಯಲ್ಲಿ ಸೈರನ್ ಕೂಗಿದ ಹೊತ್ತು, ಅದರ ಮುಂದೆ ಗುಡುಂ ಎಂದ ಹೊತ್ತು. ಪುಟಗಟ್ಟಲೆ. ಎಲ್ಲ ಆ ಗಡಿಯಾರದಿಂದಲೇ. ಸೈರನ್ನಿಗೂ ಸದ್ದಿಗೂ ನಡುವೆ ಪ್ರತಿ ಸಲವೂ ನಾಲ್ಕು ನಿಮಿಷ. ನಾನು ಓದಿದೆ, ಚೆನ್ನಾಗಿ ಬರೆದಿದ್ದೀರಿ ಎಂದೆ. ಮೂರೂ ಕಡೆ ಸಿಗುವಷ್ಟು ದೊಡ್ಡ ಸದ್ದು ಒಂದೇ ಒಂದು ಬಂದರೂ ಅದು ಎಲ್ಲಿಂದ ಹೊರಟಿತೆಂದು ನಮ್ಮ ಪೆಟ್ಟಿಗೆಗಳೇ ಹೇಳುತ್ತವೆ ಎಂದೂ ಹೇಳಿದೆ. ಹೊರಡುವಾಗ ಧರಣೇಂದ್ರಪ್ಪ ಗೇಟಿನ ತನಕ ಬಂದರು.

"ಗೋಡೆ ಬರೋ ಮಳೆಗಾಲ ತಡಿಯೂದಿಲ್ಲ ಮೇಡಂ. ಕ್ವಾರಿ ನಿಂತ್ರೆ ಮಾತ್ರ ರಿಪೇರಿ ಮಾಡಿ ಉಪಯೋಗ. ನಿಮ್ಮ ಮಿಷನ್ನು ಸತ್ಯ ಹೇಳ್ತದಲ್ಲ?"

"ಹೇಳುತ್ತದೆ" ಎಂದೆ.

ಮಾಘದಲ್ಲಿ ತಮ್ಮನ ವರ್ಷದ ತಿಥಿ ಎಂದು ಊರಿಗೆ ಹೋದವಳು ಇಪ್ಪತ್ತು ದಿನ ಉಳಿದುಬಿಟ್ಟೆ. ಅಮ್ಮನಿಗಾಗಿ ಎಂದು ಎಲ್ಲರೂ ಅಂದುಕೊಂಡರು. ನನಗೆ ಎದ್ದು ಹೊರಡಲು ಬೇಜಾರು, ಅಷ್ಟೇ. ಮೊಬೈಲಿಗೆ ಮೇಗರವಳ್ಳಿಯ ಪೆಟ್ಟಿಗೆಯಿಂದ ದಿನಾ ಎಚ್ಚರಿಕೆಯ ಸಂದೇಶ ಬರುತ್ತಿತ್ತು, ಉಪಗ್ರಹ ಸಿಗುತ್ತಿಲ್ಲ ಎಂದು. ನೋಡುತ್ತಿದ್ದೆ, ಪಕ್ಕಕ್ಕೆ ಇಡುತ್ತಿದ್ದೆ.

ವಾಪಸು ಬಂದು ನೋಡಿದರೆ ಮಂಗಗಳು ಆಂಟೆನಾದ ವೈರನ್ನು ಕಡಿದು ಹಾಕಿದ್ದವು. ಅಷ್ಟು ದಿನ ಪೆಟ್ಟಿಗೆ ತನ್ನ ಸ್ಫಟಿಕದ ಮಿಡಿತವನ್ನೇ ನಂಬಿಕೊಂಡು ಗಂಟೆ ಎಣಿಸಿತ್ತು. ಒಲೆ ಸರಿ ಇಲ್ಲದ ಸ್ಫಟಿಕ. ಹೊಸ ವೈರು ಹಾಕಿ ಉಪಗ್ರಹ ಸಿಕ್ಕಿದ ಮೇಲೆ ನೋಡಿದರೆ ನಮ್ಮ ಗಡಿಯಾರ ಅರ್ಧ ಸೆಕೆಂಡು ಹಿಂದೆ ಬಿದ್ದಿತ್ತು.

ಆಗ ದಾರಿ ಎರಡು. ಒಂದು, ಹಾರಿಸುವುದು. ಮುಳ್ಳನ್ನು ಒಂದೇ ಏಟಿಗೆ ಅರ್ಧ ಸೆಕೆಂಡು ಮುಂದೆ ತಳ್ಳುವುದು. ಗಂಟೆ ಆ ಕ್ಷಣವೇ ಸರಿಯಾಗುತ್ತದೆ, ಆದರೆ ದಾಖಲೆಯಲ್ಲಿ ಒಂದು ಹರಕು ಬೀಳುತ್ತದೆ. ಇನ್ನೊಂದು, ಜಾರಿಸುವುದು. ಸ್ಫಟಿಕವನ್ನು ಕಂಡೂ ಕಾಣದಷ್ಟು ಬೇಗ ಬೇಗ ಮಿಡಿಸಿ, ಹತ್ತು ದಿನದಲ್ಲಿ ಮೆಲ್ಲಗೆ ಸರಿದಾರಿಗೆ ತರುವುದು. ದಾಖಲೆ ನುಣುಪಾಗಿ, ಹರಿಯದೆ ಉಳಿಯುತ್ತದೆ. ಆ ಹತ್ತು ದಿನ ಮಾತ್ರ ಗಂಟೆ ಸುಳ್ಳು.

ಬೆಂಗಳೂರಿನ ನಮ್ಮ ಸಾಹೇಬರಿಗೆ ಫೋನ್ ಮಾಡಿದೆ.

"ಹಾರಿಸ್ಬೇಡಿ" ಎಂದರು. "ಹರಕು ಬಂದ್ರೆ ಆ ಸ್ಟೇಷನ್ ಡಾಟಾ ಕೆಟ್ಟಿದೆ ಅಂತ ಗುರುತು ಬೀಳುತ್ತೆ. ವರ್ಷದ ಕೊನೇಲಿ ಉತ್ತರ ಕೊಡೋನು ನಾನು. ಜಾರಿಸಿ. ಎಷ್ಟು ಹಿಂದಿದೆ ಅಂತ ಲಾಗ್ ಪುಸ್ತಕದಲ್ಲಿ ದಿನಾ ಬರೆದಿಡಿ, ಬೇಕಾದ್ರೆ ಆಮೇಲೆ ಸೇರಿಸಿ ಸರಿ ಮಾಡೋಣ."

ಇದರಲ್ಲಿ ತಪ್ಪೇನೂ ಇಲ್ಲ. ಎಲ್ಲ ಕಡೆ ಹೀಗೇ ಮಾಡುತ್ತಾರೆ. ಬರೆದಿಟ್ಟರೆ ಮುಗಿಯಿತು, ಸರಿ ಮಾಡುವ ಲೆಕ್ಕ ಎರಡು ನಿಮಿಷದ್ದು. ಮೊದಲ ದಿನ ಬರೆದೆ, ಎರಡನೆಯ ದಿನ ಬರೆದೆ.

ಮೂರನೆಯ ದಿನ ಸಂಜೆ ನೇರಲಹಕ್ಲಿನಲ್ಲಿ ಆ ವರ್ಷದ ಅತಿ ದೊಡ್ಡ ಗುಡುಂ ಆಯಿತು. ರತ್ನಕ್ಕ ಅರ್ಧ ಊಟದಲ್ಲಿ ಎದ್ದು ಕೈ ತೊಳೆಯದೆ ಫೋನ್ ಮಾಡಿದ್ದರು.

"ಸಿಕ್ತಾ ಮಾರಾಯ್ತಿ? ತಟ್ಟೆ ಕುಣೀತು. ಗೋಡೆ ಇನ್ನೂ ಬಾಯಿ ಬಿಟ್ಟಿದೆ. ಇದು ಸಿಕ್ಕೇ ಸಿಗ್ಬೇಕು."

ಸಿಕ್ಕಿತ್ತು, ಮೂರೂ ಕಡೆ. ಬಂದರೆ ಸಾಕು ಎಂದು ನಾನು ಹೇಳಿದ್ದ ಆ ಒಂದೇ ಒಂದು ಸದ್ದು. ನಾನು ಮೂರೂ ಪೆಟ್ಟಿಗೆಗಳ ಹೊತ್ತನ್ನು ಇದ್ದ ಹಾಗೇ ಬೆಂಗಳೂರಿಗೆ ಕಳಿಸಿದೆ. ಮೇಗರವಳ್ಳಿಯದನ್ನು ತಿದ್ದಬೇಕಿತ್ತು. ತಿದ್ದಲಿಲ್ಲ. ಮರೆತೆ ಎಂದರೆ ಮರೆತದ್ದಲ್ಲ, ತಲೆಯೊಳಗೆ ಆ ಮಾತು ಹಾದು ಹೋಯಿತು, ನಾಳೆ ನೋಡೋಣ ಎಂದು ಮಲಗಿದೆ. ಆ ದಿನಗಳಲ್ಲಿ ನಾನು ಎಲ್ಲವನ್ನೂ ನಾಳೆಗೆ ಇಡುತ್ತಿದ್ದೆ.

ಗಡಿಯಾರ ಹಿಂದೆ ಬಿದ್ದದ್ದರಿಂದ ಮೇಗರವಳ್ಳಿಗೆ ಅಲೆ ಬೇಗ ತಲುಪಿದಂತೆ ದಾಖಲಾಯಿತು. ಬೇಗ ತಲುಪಿದೆ ಎಂದ ಮೇಲೆ ಹೊರಟ ಜಾಗ ಮೇಗರವಳ್ಳಿಗೆ ಹತ್ತಿರ ಎಂದಾಯಿತು. ವರದಿಯಲ್ಲಿ ಅದು ಕ್ವಾರಿಯಿಂದ ಎರಡು ಚಿಲ್ಲರೆ ಕಿಲೋಮೀಟರ್ ತೆಂಕಲಿಗೆ, ಹಳ್ಳದಾಚೆ ಮನುಷ್ಯರಿಲ್ಲದ ಗುಡ್ಡದ ಕೆಳಗೆ ಬಿತ್ತು. ಬೆಂಗಳೂರಿನವರು ಭೂಮಿಯ ಸಹಜ ಕಂಪನ ಎಂದು ಬರೆದು ಕಳಿಸಿದರು.

ರತ್ನಕ್ಕ ಮತ್ತು ಊರಿನ ನಾಲ್ಕು ಮನೆಯವರು ಕ್ವಾರಿ ನಿಲ್ಲಿಸಿ ಎಂದು ಹೊಸನಗರದ ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟಿದ್ದರು. ಅದರ ವಿಚಾರಣೆ ಯುಗಾದಿ ಕಳೆದ ಮೇಲೆ. ನಾನೂ ದಾಖಲೆ ತೆಗೆದುಕೊಂಡು ಬರಬೇಕೆಂದು ಪತ್ರ ಬಂತು. ಹಿಂದಿನ ದಿನ ಮಧ್ಯಾಹ್ನ ಸಾಗರದ ಕೋಣೆಯಲ್ಲಿ ಕಾಗದ ಜೋಡಿಸುವಾಗ ಲಾಗ್ ಪುಸ್ತಕದ ಆ ಎರಡು ಸಾಲು ಕಣ್ಣಿಗೆ ಬಿದ್ದವು. ಆಗ ಕೂತು ಲೆಕ್ಕ ಹಾಕಿದೆ. ಹಿಂದೆ ಬಿದ್ದದ್ದನ್ನು ಸೇರಿಸಿ ನಕ್ಷೆಯ ಮೇಲೆ ಮೂರೂ ಪೆಟ್ಟಿಗೆಗಳ ಲೆಕ್ಕಕ್ಕೆ ಮತ್ತೆ ಗೆರೆ ಎಳೆದೆ. ಮೂರೂ ಗೆರೆಗಳು ನೇರವಾಗಿ ಕ್ವಾರಿಯ ಮೇಲೆ ಬಂದು ಕೂಡಿದವು.

ಸಾಹೇಬರಿಗೆ ಹೇಳಿದೆ.

"ವರದಿ ಹೋಗಿಯಾಗಿದೆ ಅಲ್ವಾ" ಎಂದರು. "ಈಗ ತಿದ್ದಿದ್ರೆ ಇಡೀ ವರ್ಷದ್ದನ್ನ ಅನುಮಾನದಿಂದ ನೋಡ್ತಾರೆ. ಇಪ್ಪತ್ತು ದಿನ ಸ್ಟೇಷನ್ ಯಾರೂ ನೋಡಿಲ್ಲ ಅನ್ನೋದೂ ಈಚೆ ಬರುತ್ತೆ. ಕೇಳಿದ್ರೆ ಹೇಳಿ. ಕೇಳದಿದ್ರೆ ನೀವಾಗಿ ಯಾಕೆ ಹೇಳ್ತೀರಿ?"

ವಿಚಾರಣೆಗೆ ರತ್ನಕ್ಕನನ್ನು ಸುಮತಿ ತನ್ನ ಸ್ಕೂಟಿಯಲ್ಲಿ ಕೂರಿಸಿಕೊಂಡು ಬಂದಿದ್ದಳು. ಧರಣೇಂದ್ರಪ್ಪ ಹಿಂದಿನಿಂದ ಬಸ್ಸಿನಲ್ಲಿ ಬಂದರು. ರತ್ನಕ್ಕ ನನ್ನನ್ನು ನೋಡಿ ತಲೆ ಆಡಿಸಿ ನಕ್ಕರು, ನಮ್ಮವಳು ಒಬ್ಬಳು ಇದ್ದಾಳೆ ಎನ್ನುವ ಹಾಗೆ. ಕ್ವಾರಿಯ ಕಡೆಯಿಂದ ಬಂದವನು ಆ ದಿನ ನಾವು ಮದ್ದೇ ಇಟ್ಟಿಲ್ಲ ಎಂದ. ರತ್ನಕ್ಕ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು. ಅವನು ಅದನ್ನು ತಿರುವಿ ಹಾಕಿದ.

"ಅಮ್ಮಾ, ಈ ಟೈಮೆಲ್ಲ ಎಂತ ನೋಡಿ ಬರ್ದಿದ್ದು?"

"ನಮ್ಮ ಗಿರಣಿ ಗಡಿಯಾರ."

"ಅದು ಸರಿ ಟೈಮ್ ತೋರಿಸ್ತದಾ?"

ಸುಳ್ಳು ಹೇಳಿ ಗೊತ್ತಿಲ್ಲದ ಹೆಂಗಸು. "ಇಲ್ಲ" ಎಂದರು. "ಹನ್ನೆರಡು ನಿಮಿಷ ಮುಂದಿದೆ. ನಾವೇ ಇಟ್ಟಿದ್ದು."

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಅಧಿಕಾರಿಯೂ ನಕ್ಕರು. ರತ್ನಕ್ಕನಿಗೆ ಸಿಟ್ಟು ಬಂತು.

"ನಗೋದೆಂತಕ್ಕೆ? ಸೈರನ್ ಆದ ನಾಲ್ಕು ನಿಮಿಷಕ್ಕೆ ಗುಡುಂ ಅಂತದೆ. ಗಡಿಯಾರ ಎಷ್ಟ್ ಬೇಕಾದ್ರೂ ಮುಂದಿರ್ಲಿ, ನಾಲ್ಕು ನಿಮಿಷ ನಾಲ್ಕೇ ನಿಮಿಷ ಅಲ್ದಾ?"

ಆ ಕೋಣೆಯಲ್ಲಿ ಆ ಮಾತಿನ ಬೆಲೆ ಗೊತ್ತಿದ್ದವಳು ನಾನೊಬ್ಬಳೇ. ಗಂಟೆ ತಪ್ಪಿದ್ದರೂ ಓಟ ಸರಿಯಿದ್ದ ಗಡಿಯಾರ ಅದು. ನನ್ನ ಇಡೀ ನೌಕರಿ ಅದೇ ವಿಷಯದ್ದು. ಅಧಿಕಾರಿ ನೋಟ್‌ಬುಕ್ಕನ್ನು ಪಕ್ಕಕ್ಕೆ ಸರಿಸಿ ನನ್ನ ಕಡೆ ತಿರುಗಿದರು.

"ನಿಮ್ಮ ಗಡಿಯಾರ ಎಂಥದ್ದಮ್ಮ?"

"ಉಪಗ್ರಹ ನೋಡಿ ನಡೆಯೋದು ಸರ್."

"ಹಾಗಾದ್ರೆ ತಪ್ಪೋ ಮಾತೇ ಇಲ್ಲ, ಅಲ್ವಾ?"

ಲಾಗ್ ಪುಸ್ತಕ ನನ್ನ ಚೀಲದಲ್ಲಿತ್ತು. ಕೈ ಹಾಕಿದರೆ ಸಿಗುತ್ತಿತ್ತು. ಹೆದರಿ ಸುಮ್ಮನಿದ್ದೆ ಎಂದು ಹೇಳಿಕೊಳ್ಳಬಹುದು, ಆದರೆ ನಿಜವಾಗಿ ಹೆದರಿಕೆಯೂ ಇರಲಿಲ್ಲ. ಯಾರದೋ ವಿಷಯ ಯಾರೋ ಮಾತಾಡುತ್ತಿದ್ದಾರೆ ಎಂಬಂತೆ ಇತ್ತು. ಬೇಗ ಮುಗಿದರೆ ಬಸ್ ನಿಲ್ದಾಣದ ಹತ್ತಿರ ಒಂದು ಟೀ ಕುಡಿಯಬೇಕು ಎಂದು ಯೋಚಿಸುತ್ತಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ನಡೆದದ್ದು ಅದೇ.

"ಹೌದು ಸರ್" ಎಂದೆ.

ಅರ್ಜಿ ವಜಾ ಆಯಿತು. ಹೊರಗೆ ಬಂದ ಮೇಲೆ ರತ್ನಕ್ಕ ನನ್ನ ಮೇಲೆ ರೇಗಲಿಲ್ಲ. "ಮಿಷನ್ನು ಹೇಳಿದ್ಮೇಲೆ ನೀನೆಂತ ಮಾಡ್ತೀಯ ಪಾಪ" ಎಂದು ಬೆನ್ನು ಸವರಿದರು. ನಮ್ಮದೇ ತಪ್ಪು ತಿಳುವಳಿಕೆ ಇದ್ದೀತು ಎಂದು ಧರಣೇಂದ್ರಪ್ಪ ಹೇಳಿದರು. ಕ್ವಾರಿ ನಡೆಯಿತು. ದಿನಾ ಸಂಜೆ ಸೈರನ್, ದಿನಾ ಗುಡುಂ. ರತ್ನಕ್ಕ ಬರೆಯುವುದನ್ನು ನಿಲ್ಲಿಸಿದರು.

ಮೊದಲ ಜೋರು ಮಳೆ ಹಿಡಿದ ವಾರ ಸುಮತಿಯ ಫೋನ್ ಬಂತು. ಅಪ್ಪ ಹೋದರು ಎಂದಳು, ಬೇರೇನೂ ಹೇಳದೆ ಇಟ್ಟಳು. ಹೋಗಿ ನೋಡಿದರೆ ಗಿರಣಿಯ ಹಿಂದಿನ ಗೋಡೆ ಪೂರ್ತಿ ಒಳಗೆ ಬಿದ್ದಿತ್ತು. ಹಂಚಿನ ಮಾಡಿನಿಂದ ನೀರು ಸೋರಿ ಊರವರ ಅಕ್ಕಿ ಮೂಟೆಗಳು ನೆನೆಯುತ್ತಿದ್ದವಂತೆ. ಈಚೆ ಎಳೆದಿಡಿ ಎಂದು ರತ್ನಕ್ಕ ಹೇಳಿದರಂತೆ. ಎರಡು ಮೂಟೆ ಎಳೆದು ಮೂರನೆಯದಕ್ಕೆ ಬಗ್ಗಿದಾಗ ಗೋಡೆ ಬಿತ್ತಂತೆ.

ಬಂದವರೆಲ್ಲ ಮಳೆಗೆ ಬಿತ್ತು, ಮಳೆಗೆ ಬಿತ್ತು ಎನ್ನುತ್ತಿದ್ದರು. ಸುಮತಿ ಮಾತ್ರ ತಾಯಿಯ ಎದುರಿಗೆ ನಿಂತು ಕೂಗಿದಳು. "ಯಾರ್ದೋ ಅಕ್ಕಿ ನೆನೆದ್ರೆ ನೆನೀಲಿ ಅಂತ ಬಿಡೋಕೆ ಆಗ್ಲಿಲ್ವಾ ನಿಂಗೆ? ಗೋಡೆ ಬೀಳೋ ಹಂಗಿದೆ ಅಂತ ಗೊತ್ತಿದ್ದೂ ಅಪ್ಪನ್ನ ನೀನೇ ಕಳ್ಸಿದ್ದು. ನೀನೇ."

ರತ್ನಕ್ಕ ನೆಲ ನೋಡುತ್ತ ಕೂತಿದ್ದರು. ನಾನು ಮೂರು ಅಡಿ ದೂರದಲ್ಲಿ ಒದ್ದೆ ಕೊಡೆ ಹಿಡಿದು ನಿಂತಿದ್ದೆ. ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಮತ್ತೆ ಸುಮ್ಮನಿದ್ದೆ. ಆಷಾಢ ಮುಗಿಯುವ ಮೊದಲು ವರ್ಗ ಕೇಳಿಕೊಂಡು ಆ ಊರುಗಳನ್ನು ಬಿಟ್ಟೆ.

ಇಷ್ಟು ವರ್ಷ ಅದನ್ನು ಒಳಗೇ ಇಟ್ಟುಕೊಂಡು ಉಂಡಿದ್ದೇನೆ, ನಿದ್ದೆ ಮಾಡಿದ್ದೇನೆ. ನನಗೆ ನೋವಾಗುತ್ತಿತ್ತು ಎಂದರೆ ಅದೂ ಸುಳ್ಳು. ಗೋಣಿಚೀಲದ ವಾಸನೆ ಬಂದ ಆ ಸಂಜೆಯೂ ನೋವಾಗಲಿಲ್ಲ. ನೋವು ಬರಲಿ, ಆಮೇಲೆ ಹೋಗೋಣ ಎಂದು ಕಾದರೆ ಈ ಜನ್ಮದಲ್ಲಿ ಹೋಗುವುದಿಲ್ಲ ಎಂದು ಮಾತ್ರ ಗೊತ್ತಾಯಿತು. ಮರುದಿನ ರಜೆ ಹಾಕಿ ಬಸ್ ಹತ್ತಿದೆ.

ರತ್ನಕ್ಕ ಈಗ ಹುಂಚದಲ್ಲಿದ್ದಾರೆ. ಅಣ್ಣನ ಮನೆಯಲ್ಲಿ ವಾಸ, ಬಸ್ ನಿಲ್ಲುವ ಕಡೆ ಒಂದು ಬಾಡಿಗೆ ಅಂಗಡಿ, ಅದರಲ್ಲಿ ಒಂದು ಹಿಟ್ಟಿನ ಮಿಷನ್. ರೆಪ್ಪೆಯ ಮೇಲೆಲ್ಲ ಹಿಟ್ಟು ಕೂತಿತ್ತು. ನನ್ನನ್ನು ಕಂಡ ಕೂಡಲೇ ಗುರುತು ಹಿಡಿದು ಮಿಷನ್ ನಿಲ್ಲಿಸಿದರು.

"ಎಂತ ಮಾರಾಯ್ತಿ, ಎಷ್ಟ್ ವರ್ಷ ಆತು! ಸೊರಗಿದೀಯ."

ಕೂರುವ ಮೊದಲೇ ಹೇಳಿದೆ. ಕೂತರೆ ಟೀ ಕೊಡುತ್ತಾರೆ, ಟೀ ಕುಡಿದ ಮೇಲೂ ಹೇಳುತ್ತೇನೆ ಎಂದು ನನಗೆ ನನ್ನ ಮೇಲೆ ನಂಬಿಕೆ ಇರಲಿಲ್ಲ. ಮಂಗ ಕಡಿದ ವೈರು, ಅರ್ಧ ಸೆಕೆಂಡು, ಜಾರಿಸಿದ್ದು, ತಿದ್ದದೇ ಕಳಿಸಿದ್ದು, ವಿಚಾರಣೆಯ ಹಿಂದಿನ ದಿನ ಗೆರೆಗಳು ಕ್ವಾರಿಯ ಮೇಲೆ ಬಂದು ಕೂಡಿದ್ದು. ಲಾಗ್ ಪುಸ್ತಕದ ಆ ಪುಟದ ಫೋಟೋವನ್ನೂ ತೋರಿಸಿದೆ. ಅವರು ಅದನ್ನು ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದರು.

"ಅಂದ್ರೆ ಅವತ್ತು ನಿಂಗೆ ಗೊತ್ತಿತ್ತು."

"ಗೊತ್ತಿತ್ತು ಅಕ್ಕ."

"ನೀನು ಅಲ್ಲಿ ಹೇಳಿದ್ರೆ ಕ್ವಾರಿ ನಿಲ್ತಿತ್ತಾ?"

ಹೇಳಲು ಬರುವುದಿಲ್ಲ, ನಿಲ್ಲಬಹುದಿತ್ತೇನೋ, ಗೋಡೆ ಆಗಲೇ ಕೆಟ್ಟಿತ್ತಲ್ಲ ಎಂದು ಹೇಳಲು ಎಷ್ಟೋ ಮಾತು ಬಾಯಿಗೆ ಬಂದವು. ಅವು ಯಾವುವೂ ಸುಳ್ಳಲ್ಲ.

"ನಿಲ್ತಿತ್ತು" ಎಂದೆ. "ಗೋಡೆ ರಿಪೇರಿ ಮಾಡಿಸಿಕೊಳ್ತಿದ್ರಿ."

ರತ್ನಕ್ಕ ಹಿಟ್ಟಿನ ಡಬ್ಬದ ಮೇಲೆ ಕೂತರು. ಹಿಟ್ಟು ಮೆತ್ತಿದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡರು. ಯಾರೋ ಗೋಧಿ ಬೀಸಿಸಲು ಬಂದವರನ್ನು ಕೈಸನ್ನೆ ಮಾಡಿ ವಾಪಸು ಕಳಿಸಿದರು.

"ನಾನು ಕೊಂದೆ ಅಂತ ಇದ್ದೆ" ಎಂದರು. "ಇಷ್ಟು ವರ್ಷ. ದಿನಾ ಬೆಳಿಗ್ಗೆ ಎದ್ದ ಕೂಡ್ಲೇ ಅದೇ. ಮೂಟೆ ಎಳೀರಿ ಅಂದಿದ್ದು ನನ್ನ ಬಾಯೇ ಅಲ್ದಾ. ಅವತ್ತು ನೀನು ಕೊಡೆ ಹಿಡ್ಕೊಂಡು ಅಲ್ಲೇ ನಿಂತಿದ್ದೆ. ಸುಮತಿ ನನ್ನನ್ನ ಅಂದಿದ್ದೆಲ್ಲ ಕೇಳ್ತಾ ನಿಂತಿದ್ದೆ."

"ಹೌದು."

"ಥೂ" ಎಂದರು. ಉಗಿದದ್ದಲ್ಲ. ಉಸಿರು ಬಿಟ್ಟ ಹಾಗೆ, ಸಣ್ಣಗೆ. ಆಮೇಲೆ ಎದ್ದು ಸೆರಗಿನಿಂದ ಮುಖ ಒರೆಸಿಕೊಂಡರು.

"ಅವ್ಳಿಗೆ ಹೇಳು."

"ನಿಮ್ಮ ಫೋನಿನಿಂದ ಮಾಡಲಾ?"

"ನಂದ್ರಲ್ಲಿ ಮಾಡಿದ್ರೆ ಎತ್ತೂದಿಲ್ಲ ಅವ್ಳು. ಅವತ್ತಿಂದ ಎತ್ತಿಲ್ಲ. ನಿಂದ್ರಲ್ಲಿ ಮಾಡು."

ಅವರು ನಂಬರನ್ನು ಬಾಯಲ್ಲೇ ಒಂದೊಂದಾಗಿ ಹೇಳಿದರು, ನಾನು ಒತ್ತಿದೆ. ಸುಮತಿ ಎತ್ತಿದಳು. ಹಿಂದೆ ಮಕ್ಕಳ ಗಲಾಟೆ ಕೇಳುತ್ತಿತ್ತು, ಶಾಲೆಯಲ್ಲಿದ್ದಳು. ನಾನು ಯಾರು ಎಂದು ಹೇಳಿದೆ, ನಿಮ್ಮ ಅಪ್ಪನ ವಿಷಯ ಎಂದೆ. ಒಂದು ನಿಮಿಷ ಎಂದು ಹೊರಗೆ ಬಂದಳು. ಗಲಾಟೆ ನಿಂತಿತು. ನಾನು ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದೆ. ಈ ಸಲ ಮಧ್ಯದಲ್ಲಿ ಸ್ವರ ನಡುಗಿತು, ಎರಡು ಸಲ ನಿಲ್ಲಿಸಬೇಕಾಯಿತು. ರತ್ನಕ್ಕ ಅಂಗಡಿಯ ಬಾಗಿಲಿಗೆ ಒರಗಿ, ನನ್ನ ಕಡೆ ಬೆನ್ನು ಹಾಕಿ, ರಸ್ತೆ ನೋಡುತ್ತ ನಿಂತಿದ್ದರು.

ಹೇಳಿ ಮುಗಿಸಿದೆ.

"ಅಮ್ಮ ಅಲ್ಲಿದಾಳಾ?" ಎಂದಳು ಸುಮತಿ.

"ಇದ್ದಾರೆ."

"ನೀವು ಫೋನ್ ಇಟ್ಬಿಡ್ಬೇಡಿ. ಅವ್ಳಿಗೆ ಕೊಡಿ."

ನಾನು ರತ್ನಕ್ಕನ ಹಿಂದೆ ಹೋಗಿ ಫೋನ್ ಚಾಚಿದೆ. ಅವರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಿವಿಗೆ ಇಟ್ಟುಕೊಂಡರು. "ಸುಮತೀ, ಊಟ ಆತಾ?" ಎಂದರು.